ಅರ್ಧ ಟೆಂಟು

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಹಾಲ್‌ನಲ್ಲಿ ಚಾರಣ ಸಂಘದ ಹುಡುಗ ಹುಡುಗಿಯರು ತಮ್ಮ ತಮ್ಮ ಬ್ಯಾಗುಗಳನ್ನು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದರು. ಕೆಳಗಿನಿಂದ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು. ಅವಳು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಗಲಾಟೆಯೆಲ್ಲ ತಣ್ಣಗಾಯಿತು.

"ಅತ್ತಿಗೆ ಬಂದ್ರು," ಎಂದು ಯಾರೋ ಪಿಸುಗುಟ್ಟಿದರು.

ಸಂಘದಲ್ಲಿ ಅವಳು ಎಲ್ಲರಿಗೂ ಅತ್ತಿಗೆ. ಗಂಡ ಎಲ್ಲರಿಗೂ ಅಣ್ಣನಾಗಿದ್ದ, ಹಾಗಾಗಿ. ಅಣ್ಣ ಹೋಗಿ ಒಂದು ಚಳಿಗಾಲ ಕಳೆದಿತ್ತು. ಅತ್ತಿಗೆ ಮಾತ್ರ ಅತ್ತಿಗೆಯಾಗಿಯೇ ಉಳಿದಿದ್ದಳು. ಹೊಸಬರು "ಬೆಟ್ಟದಲ್ಲೇ ಹೋದ್ರಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. "ಅಲ್ಲ, ಬಸ್ ಸ್ಟಾಪಲ್ಲಿ. ಬಸ್ಸಿಗೆ ಕಾಯ್ತಾ ನಿಂತಿದ್ದಾಗ," ಎಂದರೆ ಕೇಳಿದವರ ಮುಖದಲ್ಲಿ ಒಂದು ಸಣ್ಣ ನಿರಾಸೆ ಸುಳಿದು ಹೋಗುತ್ತಿತ್ತು. ಅವಳಿಗೆ ಅದೀಗ ಅಭ್ಯಾಸವಾಗಿತ್ತು.

ಸಂಘವನ್ನು ಈಗ ನೋಡಿಕೊಳ್ಳುತ್ತಿದ್ದವರು ಗಂಡನ ಗೆಳೆಯ. ಹಗಲು ಹೊತ್ತು ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದರು. ಎಲ್ಲಿ ಕೂತರೂ ಬಲಗಾಲಿನಿಂದ ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿದ್ದುದರಿಂದ ಮಕ್ಕಳು ಅವರಿಗೆ 'ಬ್ರೇಕ್ ಮಾಸ್ಟ್ರು' ಎಂದು ಹೆಸರಿಟ್ಟಿದ್ದರು. ಹುಡುಗಿಯರು ಬೆಟ್ಟಕ್ಕೆ ಹೋಗುವುದಾದರೆ ದಾರಿ ಗೊತ್ತಿರುವ ಒಬ್ಬ ಹೆಂಗಸು ಜತೆಗಿರಲೇಬೇಕೆಂದು ಸಂಘದ ನಿಯಮ. ದಾರಿ ಗೊತ್ತಿರುವ ಹೆಂಗಸು ಇಡೀ ಊರಿಗೆ ಅವಳೊಬ್ಬಳೇ. ಫೋನಿನಲ್ಲಿ ಅವರು ಸುತ್ತಿ ಬಳಸಿ ಕೇಳಿದಾಗ ಅವಳು ನೇರವಾಗಿಯೇ ಹೇಳಿದ್ದಳು:

"ಬಂದು ಹೇಳಿಕೊಡ್ತೀನಿ. ನಡೆಯೋಕೆ ಬರೋಲ್ಲ."

"ಆಯ್ತು ಅತ್ತಿಗೆ. ಹಾಗಾದ್ರೆ ನಿಮ್ಮ ಬ್ಯಾಗಾದ್ರೂ ತನ್ನಿ. ಹೇಗೆ ತುಂಬಬೇಕು ಅಂತ ಮಕ್ಕಳು ನೋಡ್ಲಿ."

ಬೆಳಿಗ್ಗೆ ಎದ್ದು ಬ್ಯಾಗು ತುಂಬಿಸಿದ್ದಳು. ತಲೆ ಎಲ್ಲೋ ಇದ್ದರೂ ಕೈಗಳಿಗೆ ಕೆಲಸ ಗೊತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಮುಗಿದುಹೋಗಿತ್ತು.

"ಎಲ್ಲರೂ ಬ್ಯಾಗ್ ಸುರೀರಿ," ಎಂದಳು.

ಇಡೀ ಹಾಲ್‌ನಲ್ಲಿ ಸಂತೆ ನೆರೆಯಿತು. ಜೀನ್ಸ್ ಪ್ಯಾಂಟು, ಗಾಜಿನ ಬಾಟಲಿಯಲ್ಲಿ ಜಾಮು, ಪೌಡರ್ ಡಬ್ಬಿ, ಇಸ್ತ್ರಿ ಮಾಡಿದ ಅಂಗಿ. ಒಬ್ಬಳ ರಾಶಿಯಿಂದ ತಲೆಗೂದಲು ಒಣಗಿಸುವ ಯಂತ್ರ ಉರುಳಿ ಬಂತು.

"ಇದನ್ನ ಎಲ್ಲಿಗೆ ಸಿಕ್ಕಿಸ್ತೀಯಮ್ಮ, ಬಂಡೆಗಾ?" ಎಂದಳು ಪಕ್ಕದವಳು. ಅವಳ ಅಡ್ಡಹೆಸರು ಮೈಕು. ಅವಳ ಬಾಯಿಗೆ ಬೀಗ ಹಾಕುವವರು ಸಂಘದಲ್ಲಿ ಹುಟ್ಟಿರಲಿಲ್ಲ.

"ನಿನ್ನ ಬಾಯಿಗೇ ಸಿಕ್ಕಿಸ್ತೀನಿ. ಕರೆಂಟಿಗೇನು ಕಮ್ಮಿ ಅಲ್ಲಿ?"

ಅತ್ತಿಗೆ ಒಂದೊಂದು ರಾಶಿಯ ಮುಂದೆಯೂ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ, ಮನೆಯಲ್ಲೇ ಇರಲಿ. ಹೊಸ ಶೂ ಬೇಡ, ಹಾಕಿಕೊಂಡು ಓಡಾಡಿ ಕಾಲಿಗೆ ಪಳಗಿದ್ದೇ ಆಗಬೇಕು. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಿರಲಿ, ತಳಕ್ಕೆ ಹಾಕಿದರೆ ಹಿಂದಕ್ಕೆ ಎಳೆಯುತ್ತದೆ. ಮಲಗುವಾಗ ಹಾಕುವ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ಎಂಥ ಮಳೆ ಬಂದರೂ ಅದನ್ನು ಹಾಕಿಕೊಂಡು ನಡೆಯಬೇಡಿ.

"ಹಿಮ್ಮಡಿ ಉರಿಯೋಕೆ ಶುರುವಾದ್ರೆ ಆಗಲೇ ಹೇಳ್ಬೇಕು. ಎಲ್ಲರನ್ನೂ ನಿಲ್ಲಿಸಿ, ಶೂ ಬಿಚ್ಚಿ, ಪಟ್ಟಿ ಹಚ್ಚಬೇಕು. ನಾಚಿಕೊಂಡು ಸುಮ್ನಿದ್ರೆ ಸಂಜೆಗೆ ಬೊಬ್ಬೆ ಬಂದಿರುತ್ತೆ, ಮಾರನೇ ದಿನ ನಿಮ್ಮನ್ನ ಬೇರೆಯವರು ಹೊರಬೇಕಾಗುತ್ತೆ. ನಿಧಾನ ನಡೆಯೋರು ಮುಂದೆ ಇರ್ಲಿ. ಬಾಯಾರೋದಕ್ಕೆ ಮುಂಚೆನೇ ನೀರು ಕುಡೀರಿ. ಇನ್ನು ಟೆಂಟು. ಅದನ್ನ ಒಬ್ಬರೇ ಹೊರೋದಲ್ಲ. ಒಬ್ಬರ ಹತ್ರ ಬಟ್ಟೆ, ಇನ್ನೊಬ್ಬರ ಹತ್ರ ಕಂಬಿ. ಯಾರ ಜತೆ ಮಲಗ್ತೀರೋ ಅವರ ಜತೆ ಹಂಚಿಕೊಳ್ಳಿ."

"ಅತ್ತಿಗೆ, ಒಂದು ಪ್ರಶ್ನೆ," ಎಂದಳು ಮೈಕು. "ನೀವು ಬರ್ತೀರಾ ಇಲ್ವಾ? ನೀವು ಬರಲಿಲ್ಲ ಅಂದ್ರೆ ನಾವು ಹುಡುಗೀರು ಇಷ್ಟೆಲ್ಲ ಕಲಿತು ನಮ್ಮನೆ ತಾರಸಿ ಹತ್ತಬೇಕು, ಅಷ್ಟೇ."

ಹುಡುಗರು ಗೊಳ್ಳೆಂದು ನಕ್ಕರು. ಬ್ರೇಕ್ ಮಾಸ್ಟ್ರ ಬಲಗಾಲು ನೆಲವನ್ನೊತ್ತಿತು. "ಮೊದಲು ಅತ್ತಿಗೆ ಬ್ಯಾಗ್ ನೋಡೋಣ, ಆಮೇಲೆ ಪ್ರಶ್ನೆ."

ಅವಳು ತನ್ನ ಬ್ಯಾಗಿನ ದಾರ ಸಡಿಲಿಸಿ ಒಂದೊಂದಾಗಿ ಹೊರಗಿಟ್ಟಳು. ಟೆಂಟಿನ ಬಟ್ಟೆ. ಒಲೆ. ಪಾತ್ರೆಯ ಮುಚ್ಚಳ. ಹಲ್ಲುಜ್ಜುವ ಬ್ರಷ್ಷು. ನಕ್ಷೆ. ಮಲಗುವ ಚೀಲ. ಔಷಧಿಯ ಡಬ್ಬಿ. ಸಕ್ಕರೆಯ ಪೊಟ್ಟಣ. ಎಲ್ಲ ಅಚ್ಚುಕಟ್ಟಾಗಿತ್ತು. ಹುಡುಗ ಹುಡುಗಿಯರು ಕತ್ತು ಚಾಚಿ ನೋಡಿದರು.

"ಕಂಬಿ ಎಲ್ಲಿ ಅತ್ತಿಗೆ?" ಎಂದ ಮುಂದೆ ಕೂತಿದ್ದ ಹುಡುಗ.

ಅವಳು ಬ್ಯಾಗಿನೊಳಗೆ ಕೈ ಹಾಕಿದಳು. ತಳ ಸಿಕ್ಕಿತು.

"ಒಲೆಗೆ ಗ್ಯಾಸೂ ಇಲ್ಲ!"

"ಮುಚ್ಚಳ ಇದೆ, ಪಾತ್ರೇನೇ ಇಲ್ಲ!"

ಮೈಕು ಕೈ ತಟ್ಟಿದಳು. "ಅಯ್ಯೋ ದಡ್ಡರಾ, ಇದು ಪರೀಕ್ಷೆ! ಏನೇನು ಬಿಟ್ಟುಹೋಗಿದೆ ಕಂಡುಹಿಡೀರಿ ಅಂತ. ಅಲ್ವಾ ಅತ್ತಿಗೆ?"

ಅವಳು ನೆಲದ ಮೇಲಿನ ಸಾಮಾನನ್ನೇ ನೋಡುತ್ತಿದ್ದಳು. ಅದರಲ್ಲಿ ಬಿಟ್ಟುಹೋದದ್ದು ಏನೂ ಇರಲಿಲ್ಲ. ತನ್ನ ಪಾಲಿಗೆ ಅವಳು ಯಾವಾಗಲೂ ಹೊರುತ್ತಿದ್ದುದೆಲ್ಲ ಅಲ್ಲಿತ್ತು.

"ಹೌದು," ಎಂದಳು. "ಇನ್ನೇನಿಲ್ಲ ಹೇಳಿ."

ಇನ್ನು ಕೇಳಬೇಕೆ, ನಾ ಮುಂದು ತಾ ಮುಂದು ಎಂದು ಕೂಗತೊಡಗಿದರು. ಪೇಸ್ಟು! ಬೆಂಕಿಪೊಟ್ಟಣ! ದಿಕ್ಸೂಚಿ! ಹಗ್ಗ! ಚಾಕು! ಒಬ್ಬ ಎದ್ದು ನಿಂತು, "ಸಕ್ಕರೆ ಇದೆ, ಟೀ ಪುಡಿ ಇಲ್ಲ!" ಎಂದು ಕಿರುಚಿದ. ಪ್ರತಿಯೊಂದಕ್ಕೂ ಅವಳು ತಲೆಯಾಡಿಸಿದಳು. ತನ್ನ ಗಂಡನನ್ನು ಹೀಗೆ ಬಿಡಿಬಿಡಿಯಾಗಿ, ಇಷ್ಟು ಸರಿಯಾಗಿ, ಯಾರೂ ಅವಳ ಮುಂದೆ ಹೇಳಿರಲಿಲ್ಲ. ಸಾವಿನ ಮನೆಗೆ ಬಂದವರು ಸಹ ಒಳ್ಳೆಯವನು, ದೊಡ್ಡ ಮನಸ್ಸಿನವನು ಎಂದಿದ್ದರಷ್ಟೆ. ಬ್ರೇಕ್ ಮಾಸ್ಟ್ರು ಕಿಟಕಿಯ ಬಳಿ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತರು.

ಎಲ್ಲರೂ ಇಳಿದುಹೋದ ಮೇಲೆ ಮಾಸ್ಟ್ರು ಬಂದು ಅವಳ ಸಾಮಾನನ್ನು ಬ್ಯಾಗಿಗೆ ತುಂಬಲು ನೋಡಿದರು. ಯಾವುದು ಎಲ್ಲಿಗೆಂದು ತಿಳಿಯದೆ ಕೈ ಹಿಂದೆಗೆದರು.

"ನಂದೇ ತಪ್ಪು ಅತ್ತಿಗೆ. ನಿಮ್ಮನ್ನ ಕರೀಬಾರದಿತ್ತು."

"ಮಕ್ಕಳಿಗೆ ಖುಷಿಯಾಯ್ತಲ್ಲ."

"ಹುಡುಗೀರಿಗೆ ಮುಂದಿನ ವರ್ಷ ಅಂತ ಹೇಳಿಬಿಡ್ತೀನಿ. ಏನಂತೆ, ಬೆಟ್ಟ ಎಲ್ಲಿಗೂ ಓಡಿಹೋಗೋಲ್ಲ."

"ಮೈಕಿಗೆ?"

"ಅವಳಿಗೆ ವಯಸ್ಸು ಮೀರುತ್ತೆ. ಸಂಘದಲ್ಲಿ ಇದೇ ಕೊನೆ ವರ್ಷ." ಮಾಸ್ಟ್ರ ಬಲಗಾಲು ಮತ್ತೆ ನೆಲವನ್ನೊತ್ತಿತು. "ಏನು ಮಾಡೋಕಾಗುತ್ತೆ."

ಅವಳು ಸಾಮಾನು ತುಂಬಿಕೊಂಡು ಮೆಟ್ಟಿಲಿಳಿದಳು. ಬೆಟ್ಟದ ಆಚೆ ಮಗ್ಗುಲಲ್ಲೊಂದು ಕೊಳವಿತ್ತು. ಅದನ್ನು ನೋಡಲು ಮುಂದಿನ ವರ್ಷ ಹೋಗೋಣವೆಂದು ಗಂಡ ಹೆಂಡತಿ ಪ್ರತಿ ವರ್ಷವೂ ಹೇಳಿಕೊಳ್ಳುತ್ತಿದ್ದರು. ಬೆನ್ನ ಮೇಲಿನ ಬ್ಯಾಗು ಹಗುರವಾಗಿತ್ತು. ಇಷ್ಟು ವರ್ಷ ಇದನ್ನೇ ಭಾರವೆಂದುಕೊಂಡಿದ್ದೆನಲ್ಲ ಎನ್ನಿಸಿತು.

ಮನೆಯಲ್ಲಿ ಅತ್ತೆ ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದರು. ಇಬ್ಬರೇ ಇದ್ದ ಮನೆ. ಬೆಳಗಿನಿಂದ ಸಂಜೆಯವರೆಗೆ ಹಾಲು ಬಂತಾ, ಬಾಗಿಲು ಹಾಕಿದೆಯಾ ಎನ್ನುವಷ್ಟೇ ಮಾತು. ಒಬ್ಬರ ಎದುರು ಇನ್ನೊಬ್ಬರು ಅಳಬಾರದೆಂದು ಯಾರೂ ಗೆರೆ ಕೊರೆದಿರಲಿಲ್ಲ, ಆದರೂ ಇಬ್ಬರೂ ಅದನ್ನು ದಾಟಿರಲಿಲ್ಲ.

"ಹೋಗ್ತೀಯಾ ಬೆಟ್ಟಕ್ಕೆ?" ಎಂದರು ಅತ್ತೆ, ಸೂಜಿಯಿಂದ ಕಣ್ಣೆತ್ತದೆ.

"ಗೊತ್ತಿಲ್ಲ ಅತ್ತೆ. ನನ್ನ ಹತ್ರ ಅರ್ಧ ಸಾಮಾನೇ ಇರೋದು."

"ಉಳಿದರ್ಧ ನನ್ನ ಮಂಚದ ಕೆಳಗಿದೆ. ಕಾಲು ಚಾಚಿದರೆ ತಾಗುತ್ತೆ. ತೆಗಿ ಅದನ್ನ."

ಅವಳು ಮಂಡಿಯೂರಿ ಗಂಡನ ಬ್ಯಾಗನ್ನು ಎಳೆದಳು. ಕೊನೆಯ ಬಾರಿ ಹೋಗಿ ಬಂದ ಮೇಲೆ ಅವನು ಅದನ್ನು ಬಿಚ್ಚಿರಲಿಲ್ಲ. ಈ ಸೋಮಾರಿತನಕ್ಕೆ ಅವಳು ಆಗ ಜಗಳವಾಡಿದ್ದಳು. ಕಂಬಿಗಳಿದ್ದವು. ಗ್ಯಾಸಿತ್ತು. ಪೇಸ್ಟು ಗಟ್ಟಿಯಾಗಿತ್ತು. ಟೀ ಪುಡಿಯ ಡಬ್ಬಿ ತೆರೆದರೆ ಘಮವೇ ಇರಲಿಲ್ಲ.

ಅತ್ತೆ ಹೊಲಿಯುತ್ತಲೇ ಇದ್ದರು. "ಟೀ ಪುಡಿ ಹೊಸದು ಹಾಕ್ಕೋ," ಎಂದರು.

ಬ್ರೇಕ್ ಮಾಸ್ಟ್ರಿಗೆ ಫೋನ್ ಮಾಡಿದಾಗ ಅವಳ ದನಿ ಎಂದಿನಂತೆಯೇ ಇತ್ತು. "ಬರ್ತೀನಿ. ಮುಂದೆ ನೀವಿರಿ, ನಾನು ಕೊನೇಲಿ ಬರ್ತೀನಿ. ಮತ್ತೆ, ಮಕ್ಕಳಿಗೆ ಏನೂ ಹೇಳ್ಬೇಡಿ. ಪರೀಕ್ಷೆ ಅಂತಲೇ ಇರ್ಲಿ."

ಬೆಟ್ಟದ ಮೊದಲ ದಿನ ಸಾಲಿನ ಕೊನೆಯಲ್ಲಿ ನಡೆದಳು. ಹಿಂದಿನಿಂದ ನೋಡಿದರೆ ಮನುಷ್ಯರು ಕಾಣುವುದಿಲ್ಲ, ಬರೀ ಬ್ಯಾಗುಗಳು. ತಿರುವು ಬಂದಾಗಲೆಲ್ಲ ಸಾಲಿನ ಮುಂತುದಿಯತ್ತ, ಗಂಡನಿರುತ್ತಿದ್ದ ಜಾಗದತ್ತ, ಕಣ್ಣು ತಾನಾಗಿಯೇ ಹೋಗುತ್ತಿತ್ತು. ಅಲ್ಲಿ ಬ್ರೇಕ್ ಮಾಸ್ಟ್ರು ಏದುಸಿರು ಬಿಡುತ್ತ, "ನಿಧಾನ, ನಿಧಾನ," ಎನ್ನುತ್ತಿದ್ದರು. ಮೈಕು ಅರ್ಧ ದಾರಿಯವರೆಗೆ ಎಲ್ಲರ ತಲೆ ತಿಂದು, ಏರು ಶುರುವಾದಲ್ಲಿ ಮೊದಲ ಸಲ ಮಾತು ನಿಲ್ಲಿಸಿದಳು. ಹುಡುಗರು ಚಪ್ಪಾಳೆ ತಟ್ಟಿದರು.

ಸಂಜೆ ಬಯಲಿಗೆ ಬಂದಾಗ ಉಳಿದ ಹುಡುಗಿಯರೆಲ್ಲ ಜೋಡಿಯಾಗಿದ್ದರು. ಮೈಕಿನ ಜತೆ ಮಲಗಲು ಯಾರೂ ಒಪ್ಪಿರಲಿಲ್ಲ, ನಿದ್ದೆಯಲ್ಲೂ ಮಾತಾಡುತ್ತಾಳೆಂದು. ಅವಳೇ ಬ್ಯಾಗು ಎಳೆದುಕೊಂಡು ಬಂದು ಅತ್ತಿಗೆಯ ಮುಂದೆ ನಿಂತಳು.

"ನನಗೆ ಜಾಗ ಇದೆಯಾ?"

"ಇದೆ."

ಬಟ್ಟೆ ಹಾಸಿದರು. ಕಂಬಿಯನ್ನು ಬಟ್ಟೆಗೆ ಹೊಲಿದ ಉದ್ದನೆಯ ತೋಳಿನೊಳಗೆ ತೂರಿಸಿ ಅತ್ತಿಗೆ ಈ ಕಡೆಯಿಂದ ತಳ್ಳಿದಳು. ಮೈಕು ಆಚೆ ತುದಿಯಲ್ಲಿ ನಿಂತಿದ್ದಳು. ಕಂಬಿ ಸ್ವಲ್ಪ ದೂರ ಹೋಗಿ ಬಟ್ಟೆಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ತಳ್ಳಿದಳು. ಮತ್ತೆ ಅಲ್ಲೇ ನಿಂತಿತು.

"ಎಳೀಲಾ?" ಎಂದಳು ಮೈಕು.

"ಎಳೀಬೇಡ, ಕಂಬಿ ಕಳಚುತ್ತೆ."

"ಮತ್ತೆ ಈ ಕಡೆ ಇರೋರು ಏನು ಮಾಡ್ಬೇಕು?"

ಅತ್ತಿಗೆ ಕೈಯಲ್ಲಿದ್ದ ಕಂಬಿಯನ್ನು ನೋಡಿದಳು. ಎಷ್ಟೋ ಸಂಜೆ, ಎಷ್ಟೋ ಬೆಟ್ಟಗಳಲ್ಲಿ ಅವಳು ಈ ಕಡೆ ನಿಂತು ತಳ್ಳಿದ್ದಳು, ಕಂಬಿ ಸಲೀಸಾಗಿ ಹೋಗಿತ್ತು. ಆಚೆ ತುದಿಯಲ್ಲಿ ಅವನು ಏನೋ ಮಾಡುತ್ತಿದ್ದ. ಏನೆಂದು ಅವಳು ನೋಡಿರಲಿಲ್ಲ. ನಡುವೆ ಬಟ್ಟೆಯಿರುತ್ತಿತ್ತು. ಕೇಳಿರಲೂ ಇಲ್ಲ.

"ನನಗೆ ಗೊತ್ತಿಲ್ಲ ಕಣೆ," ಎಂದಳು.

ಮೈಕು ನಗಬೇಕೋ ಬೇಡವೋ ಎಂದು ಅವಳ ಮುಖ ನೋಡಿದಳು. ಆಮೇಲೆ, ಬಹುಶಃ ಹುಟ್ಟಿದಂದಿನಿಂದ ಎರಡನೆಯ ಸಲ, ಸುಮ್ಮನಾದಳು.

"ನೀನು ಇಲ್ಲಿ ಬಂದು ತಳ್ಳು. ನಾನು ಆ ಕಡೆ ಹೋಗ್ತೀನಿ."

ಅತ್ತಿಗೆ ಹಾಸಿದ ಬಟ್ಟೆಯ ಸುತ್ತ ನಡೆದುಹೋಗಿ ಆಚೆ ತುದಿಯಲ್ಲಿ ಮಂಡಿಯೂರಿದಳು. ಅಲ್ಲಿಂದ ಮೈಕಿನ ತಲೆಗೂದಲಷ್ಟೇ ಕಾಣುತ್ತಿತ್ತು. ಕಂಬಿಯ ಮೂತಿ ತೋಳಿನೊಳಗೆ ಕುರುಡನಂತೆ ತಡವರಿಸುತ್ತಿತ್ತು. ಮೊದಲು ಬಟ್ಟೆಯನ್ನು ಬಿಗಿ ಹಿಡಿದಳು, ಆಗಲಿಲ್ಲ. ಸಡಿಲ ಬಿಟ್ಟಳು, ಆಗಲಿಲ್ಲ. ಕೊನೆಗೆ ಬಟ್ಟೆಯನ್ನು ತುಸು ಮೇಲೆತ್ತಿ, ಕಂಬಿ ಬಂದಷ್ಟೂ ಬಟ್ಟೆಯನ್ನು ತನ್ನ ಕಡೆಗೆ ನೆರಿಗೆಯಾಗಿ ಕೂಡಿಸಿಕೊಳ್ಳತೊಡಗಿದಳು. ಕಂಬಿ ಸರಾಗವಾಗಿ ಬಂತು. ಅದರ ತುದಿಯನ್ನು ಬಟ್ಟೆಯ ಅಂಚಿನ ಬಳೆಯೊಳಗೆ ಕೂರಿಸಿದಳು. ಎರಡನೆಯದನ್ನೂ ಹಾಗೇ. ಟೆಂಟು ಎದ್ದು ನಿಂತಿತು.

ಅವಳು ಅಲ್ಲೇ ಕೂತಿದ್ದಳು.

ಮೈಕು ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಅತ್ತಿಗೆ, ವಾಲಿದೆ."

"ಎಷ್ಟು?"

"ಜಾಸ್ತಿಯೇನಿಲ್ಲ. ನಿಮ್ಮ ಕಡೆಗೆ."

"ಇರ್ಲಿ ಬಿಡು," ಎಂದಳು ಅವಳು. "ಈ ರಾತ್ರಿ ಮಟ್ಟಿಗೆ ನಿಲ್ಲುತ್ತೆ."