ಐವತ್ತೈದರ ನಡುಕ

"ಜೀಪ ಮಾರೂದಿಲ್ಲ," ಎಂದು ಸರಿತಾ ಆ ತಿಂಗಳಲ್ಲಿ ನಾಲ್ಕನೇ ಸಲ ಹೇಳಿದಳು. ಮೊದಲ ಮೂರು ಸಲ ಹೇಳಿದ್ದು ಮೂರು ಮಂದಿ ಮೆಕ್ಯಾನಿಕ್‌ಗಳಿಗೆ. ಈ ಸಲ ಗಂಡನಿಗೆ.

ಬಾಳೇಶ ಚಹಾದ ಕಪ್ಪು ಕೆಳಗಿಟ್ಟ. "ಮೂವತ್ತು ವರ್ಷದ ಗಾಡಿ. ವಯಸ್ಸಾದ ಮ್ಯಾಲೆ ಮನಷ್ಯಾರ ಕೈನೂ ನಡಗತಾವು. ಅದಕ್ಕೂ ಹಂಗ ಆಗೇತಿ ಅಂತ ತಿಳಕೋ."

"ವಯಸ್ಸಿನ ನಡುಕ ಆಗಿದ್ರ ಯಾವಾಗ್ಲೂ ನಡಗಬೇಕಿತ್ತಲ್ರಿ? ಸ್ಪೀಡ್ ನಲವತ್ತಿದ್ದಾಗ ಸುದ್ದಿಲ್ಲ. ಐವತ್ತೈದು ಬಂತಂದ್ರ ಸ್ಟೇರಿಂಗ್ ಕೈಯಾಗ ಕುಣಿತೈತಿ. ಎಪ್ಪತ್ತಕ್ಕ ಮತ್ತ ಕಡಿಮಿ. ಲೆಕ್ಕ ಇಟ್ಟು ಬರೂ ಬ್ಯಾನಿಗೆ ಕಾರಣ ಇದ್ದ ಇರತೈತಿ."

ಅರಭಾವಿಯಿಂದ ಮೂಡಲಗಿ ಕಡೆ ಹೋಗುವ ದಾರಿಯಲ್ಲಿ ಸರಿತಾಳ ಸಸಿಗಳ ನರ್ಸರಿ ಇತ್ತು. ಊರಿನ ತೋಟಗಾರಿಕೆ ಕಾಲೇಜಿನಲ್ಲಿ ದಿನಗೂಲಿಗೆ ಹೋಗುತ್ತಿದ್ದಾಗ ಕಸಿ ಕಟ್ಟುವುದನ್ನು ಕಲಿತು, ಆಮೇಲೆ ಸ್ವಂತಕ್ಕೆ ಶುರು ಮಾಡಿದ್ದಳು. ಮಾವು, ಪೇರಲ, ಚಿಕ್ಕು ಸಸಿಗಳನ್ನು ತಾನೇ ಜೀಪಿನಲ್ಲಿ ಹೇರಿಕೊಂಡು ರೈತರ ಹೊಲದವರೆಗೂ ಒಯ್ಯುತ್ತಿದ್ದಳು. ಮಳೆಗಾಲದಲ್ಲಿ ಎರಿಮಣ್ಣಿನ ಹಾದಿಯಲ್ಲಿ ಬೇರೆ ಗಾಡಿಗಳು ಹೂತು ನಿಂತರೆ, ಇವಳ ನಾಲ್ಕೂ ಗಾಲಿಗಳು ಎಳೆಯುವ ಜೀಪು ಗುರುಗುಟ್ಟುತ್ತಾ ದಾಟಿ ಹೋಗುತ್ತಿತ್ತು. ರೈತರು ಇವಳ ಸಸಿಯನ್ನೇ ಕೇಳುವುದಕ್ಕೆ ಅದೂ ಒಂದು ಕಾರಣ.

ಈಗ ಅದೇ ಜೀಪು ಅವಳ ಹೆಸರು ಕೆಡಿಸಲು ಹೊರಟಿತ್ತು. ಹುಕ್ಕೇರಿ ಬಾಜೂಕಿನ ಪರಪ್ಪ ಎನ್ನುವ ರೈತ ಹಿಂದಿನ ವಾರ ಫೋನ್ ಮಾಡಿದ್ದ. "ಸರಿತಕ್ಕಾ, ಚೀಲ ಹರದು ನೋಡಿದ್ರ ಮಣ್ಣ ಹೆಂಟಿ ಒಡದು ಬೇರು ಬಯಲಾಗ್ಯಾವ. ಇಪ್ಪತ್ತು ಸಸಿ ಬಾಡ್ಯಾವ. ಸಸಿ ಚಲೋ ಅದಾವ, ತರೂದ್ರಾಗ ಏನೋ ಆಗಾಕತ್ತೈತಿ." ಇನ್ನೂ ನೂರಿಪ್ಪತ್ತು ಪೇರಲ ಸಸಿ ಅವನಿಗೆ ಮುಟ್ಟಿಸುವುದಿತ್ತು.

ಗಾಲಿಗಳ ಬ್ಯಾಲೆನ್ಸಿಂಗ್ ಆಗಿತ್ತು. ಮುಂದಿನ ಎರಡು ಟೈರು ಹೊಸವು ಬಂದಿದ್ದವು. ಸ್ಟೇರಿಂಗಿನ ಕೊಂಡಿಗಳೂ ಬದಲಾಗಿದ್ದವು. ಒಬ್ಬೊಬ್ಬರೂ ತಮಗೆ ಗೊತ್ತಿದ್ದದ್ದನ್ನು ಬದಲಿಸಿದರೇ ಹೊರತು ನಡುಕ ಎಲ್ಲಿಂದ ಹುಟ್ಟುತ್ತದೆ ಎಂದು ಯಾರೂ ಕೇಳಲಿಲ್ಲ. ಸಸಿ ಬಾಡಿದಾಗ ಸರಿತಾ ಎಂದೂ ಹಾಗೆ ಮಾಡಿದವಳಲ್ಲ. ನೀರೋ, ಬೇರೋ, ಹುಳವೋ ಎಂದು ಒಂದೊಂದನ್ನೇ ತೆಗೆದುಹಾಕುತ್ತಾ ಹೋದರೆ ಕೊನೆಗೆ ಉಳಿಯುವುದೇ ರೋಗ.

ಮರುದಿನ ಬೆಳಿಗ್ಗೆ ಗಾಡಿ ತೆಗೆದುಕೊಂಡು ಖಾಲಿ ರಸ್ತೆಗೆ ಹೋದಳು. ಐವತ್ತೈದಕ್ಕೆ ಬಂದಾಗ ಸ್ಟೇರಿಂಗ್ ಥರಗುಟ್ಟಿತು. ಗೇರು ತಪ್ಪಿಸಿ ಗಾಡಿಯನ್ನು ಹಾಗೇ ಓಡಲು ಬಿಟ್ಟಳು. ಇಂಜಿನ್ನು ಮೆತ್ತಗಾಯಿತು, ನಡುಕ ಮಾತ್ರ ಹಾಗೇ ಇತ್ತು. ಅಂದರೆ ಇಂಜಿನ್ನಿನ ತಪ್ಪಲ್ಲ. ಬ್ರೇಕು ಸ್ವಲ್ಪ ಒತ್ತಿದಳು, ನಡುಕ ಹೆಚ್ಚಲಿಲ್ಲ. ಬ್ರೇಕಿನದೂ ಅಲ್ಲ. ಮನೆಗೆ ಬಂದು ಬಾಳೇಶನನ್ನು ಕರೆದು ಮುಂದಿನ ಗಾಲಿಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿದಳು. ಮತ್ತೆ ಓಡಿಸಿ ನೋಡಿದರೆ, ಗಾಲಿ ಹಿಂದೆ ಹೋದರೂ ನಡುಕ ಮುಂದೆಯೇ ಕೂತಿತ್ತು.

"ಗಾಲೀದೂ ಅಲ್ಲ," ಎಂದು ಕೈ ಒರೆಸಿಕೊಂಡಳು. "ಇದು ಶುರು ಆಗಿದ್ದು ಯಾವಾಗ ನೆನಪೈತೇನ್ರಿ?"

ಬಾಳೇಶ ಯೋಚಿಸಿದ. "ಯುಗಾದಿ ಆದ ಮ್ಯಾಲೆ. ಕ್ಲಚ್ ಹಾಕಿಸಿದ್ದೆಲ್ಲ, ಅದಾದ ಮ್ಯಾಲೆ..."

ಅವನು ಮಾತು ಅರ್ಧಕ್ಕೇ ನಿಲ್ಲಿಸಿದ. ಕ್ಲಚ್ ಹಾಕಿದ್ದು ಗೋಕಾಕದ ಶಿದ್ರಾಮ ಮೇಸ್ತ್ರಿ. ಇಂಥ ಜೀಪುಗಳಲ್ಲೇ ನಲವತ್ತು ವರ್ಷ ಕೈ ಪಳಗಿಸಿಕೊಂಡವನು. ಗಾಡಿ ಗ್ಯಾರೇಜಿನ ಬಾಗಿಲಿಗೆ ಬರುವ ಮೊದಲೇ ಸದ್ದಿನ ಮೇಲೆ ರೋಗ ಹೇಳುತ್ತಾನೆ ಎನ್ನುವುದು ಊರಿಗೆಲ್ಲ ಗೊತ್ತು. ನಡುಕ ಶುರುವಾದಾಗ ಸರಿತಾ ಮೊದಲು ಹೋಗಿದ್ದೂ ಅವನ ಬಳಿಯೇ. ಆತ ಗಾಡಿ ಓಡಿಸಿ ನೋಡದೆ, "ನಾ ಗಾಲಿ ಮುಟ್ಟೇ ಇಲ್ಲವಾ. ಗಾಲಿಯವರ ಕಡೆ ಹೋಗು," ಎಂದು ಕಳಿಸಿದ್ದ. ಅವನ ಮಾತಿಗೆ ಎದುರಾಡುವುದುಂಟೇ ಎಂದು ಅವಳೂ ಹೋಗಿದ್ದಳು. ಈಗ ಎದುರಾಡಲೇಬೇಕಿತ್ತು.

ಗೋಕಾಕ ಫಾಲ್ಸ್ ರಸ್ತೆಯ ಗ್ಯಾರೇಜಿನಲ್ಲಿ ಶಿದ್ರಾಮ ಒಂದು ಟ್ರ್ಯಾಕ್ಟರ್ ಬಿಚ್ಚಿಕೊಂಡು ಕೂತಿದ್ದ. ಅದರ ಮಾಲಕರು ಇಬ್ಬರು ಬಾಕಿನ ಮೇಲೆ ಕೂತಿದ್ದರು. ಸರಿತಾ ತಾನು ನೋಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು.

"ಹಂಗಂದ್ರ ನನ್ನ ಕೆಲಸದಾಗ ತಪ್ಪೈತಿ ಅಂತಿ?" ಎಂದ ಶಿದ್ರಾಮ. ದನಿ ಬಿಗಿಯಾಗಿತ್ತು.

"ಹಂಗನ್ನಾಕ ಬಂದಿಲ್ಲ ಕಾಕಾ. ಇಂಜಿನ್ ಅಲ್ಲ, ಬ್ರೇಕ್ ಅಲ್ಲ, ಗಾಲಿ ಅಲ್ಲ. ಮುಂದ ತಿರಗೂದು ಇನ್ನೇನ ಉಳೀತು, ನೀವ ಹೇಳ್ರಿ."

ಶಿದ್ರಾಮ ಜೀಪಿನ ಮುಂಭಾಗಕ್ಕೆ ಜಾಕ್ ಕೊಟ್ಟ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದ, ಎಡಕ್ಕೆ ಬಲಕ್ಕೆ ಅಲುಗಿಸಿದ. ಎಲ್ಲಿಯೂ ಸಡಿಲವಿರಲಿಲ್ಲ. ಗಾಲಿ ತಿರುವಿದಾಗ ಅದರ ಜೊತೆಗೆ ಗಾಡಿಯ ಹೊಟ್ಟೆಯ ಕೆಳಗಿನ ಮುಂದಿನ ಶಾಫ್ಟೂ ತಿರುಗಿತು. ಈ ಹಳೆಯ ಜೀಪುಗಳಲ್ಲಿ ಹಾಗೇ. ನಾಲ್ಕು ಗಾಲಿಯ ಲಿವರ್ ಎಳೆಯಲಿ ಬಿಡಲಿ, ಮುಂದಿನ ಗಾಲಿ ಉರುಳಿದರೆ ಆ ಶಾಫ್ಟು ಸುಮ್ಮನಾದರೂ ತಿರುಗುತ್ತಲೇ ಇರುತ್ತದೆ.

"ಕ್ಲಚ್ ಹಾಕೂ ಮುಂದ ಇದನ್ನ ಬಿಚ್ಚಿದ್ರೇನು?" ಎಂದಳು ಸರಿತಾ.

"ಬಿಚ್ಚದ ಗೇರ್‌ಬಾಕ್ಸ್ ಹೆಂಗ ಇಳಸಾಕ ಬರತೈತಿ?" ಎಂದವನು ಶಾಫ್ಟನ್ನು ಒಮ್ಮೆ ಕೈಯಿಂದ ತಿರುವಿದ. ಆಮೇಲೆ ತಾನಾಗಿಯೇ, "ಇದನ್ನ ತಗದು ಓಡಿಸಿ ನೋಡೂಣು," ಎಂದ.

ನಟ್ಟು ಬಿಚ್ಚುವ ಪಾನಾ ಹುಡುಕುವಾಗ ಅವನು ಪೆಟ್ಟಿಗೆಯೊಳಗೆ ನೋಡಲೇ ಇಲ್ಲ. ಬೆರಳಿನಿಂದಲೇ ಒಂದೊಂದರ ಬಾಯಿ ಸವರಿ ಬೇಕಾದ್ದನ್ನು ತೆಗೆದ. ಪಳಗಿದ ಕೈ ಎಂದುಕೊಂಡಳು ಸರಿತಾ.

ಶಾಫ್ಟ್ ಬಿಚ್ಚಿಟ್ಟು ಇಬ್ಬರೂ ರಸ್ತೆಗೆ ಹೊರಟರು. ಐವತ್ತಾಯಿತು. ಐವತ್ತೈದಾಯಿತು. ಸರಿತಾ ಸ್ಟೇರಿಂಗಿನ ಮೇಲೆ ಎರಡೇ ಬೆರಳಿಟ್ಟಳು. ಜೀಪು ತುಂಬಿದ ಹೊಳೆಯಲ್ಲಿ ನಾವೆ ಸಾಗುವಂತೆ ಸಾಗಿತು. ಮೂರು ತಿಂಗಳ ಬಳಿಕ ಅವಳ ಭುಜ ಸಡಿಲಾಯಿತು, ನಗು ಬಂತು. ಶಿದ್ರಾಮ ನಡುಕ ಇದೆಯೇ ಎಂದು ಡ್ಯಾಶ್‌ಬೋರ್ಡಿನ ತಗಡಿನ ಮೇಲೆ ಅಂಗೈ ಊರಿ ಕೂತಿದ್ದ.

ಗ್ಯಾರೇಜಿನಲ್ಲಿ ಶಾಫ್ಟನ್ನು ಮೇಜಿನ ಮೇಲಿಟ್ಟು ಎರಡೂ ತುದಿಯ ಜಾಯಿಂಟ್ ತಿರುವಿದ. "ಬೆಣ್ಣ್ಯಾಗ ತಿರಗಿದಂಗ ತಿರಗತಾವು. ಇದರಾಗೇನೂ ಇಲ್ಲ."

ಸರಿತಾ ಬಗ್ಗಿ, ಬಂದೂಕಿನಿಂದ ಗುರಿ ಹಿಡಿದವರ ಹಾಗೆ ಶಾಫ್ಟಿನ ಉದ್ದಕ್ಕೂ ಕಣ್ಣಾಡಿಸಿದಳು. ಎರಡು ತುಂಡು ಒಂದರೊಳಗೊಂದು ಸೇರಿ ಆದ ಶಾಫ್ಟ್ ಅದು. ಎರಡೂ ತುದಿಗೆ ಕವಲಿನಂಥ ಹಿಡಿಕೆಗಳಿದ್ದವು.

"ಕಾಕಾ, ಈ ಕಡೆ ಕವಲು ನಿಂತೈತಿ, ಆ ಕಡೆದು ಮಲಗೇತಿ. ಎರಡೂ ಒಂದ ನೀಟ ಇರಬೇಕಲ್ರಿ? ಇಲ್ಲೆ ಬಾಣದ ಗುರುತೂ ಐತಿ. ಒಂದು ಬಾಣ ಮ್ಯಾಲೈತಿ, ಇನ್ನೊಂದು ಬಾಜೂಕ್ಕೈತಿ."

"ಎಲ್ಲೈತಿ ಬಾಣ?"

ಬಾಣ ಅವನ ಮೂಗಿನ ಕೆಳಗೇ ಇತ್ತು. ಶಿದ್ರಾಮ ಶಾಫ್ಟನ್ನು ಬೆಳಕಿಗೆ ಎತ್ತಿದ, ಮುಖಕ್ಕೆ ಹತ್ತಿರ ತಂದ, ಕೊನೆಗೆ ಹೆಬ್ಬೆರಳಿನಿಂದ ಸವರತೊಡಗಿದ. ಪಾನಾ ಹುಡುಕಿದ್ದೂ ಹೀಗೇ ಅಲ್ಲವೇ ಎಂದು ಸರಿತಾಳಿಗೆ ಆಗ ಹೊಳೆಯಿತು. ಅವಳು ಅವನ ಹೆಬ್ಬೆರಳು ಹಿಡಿದು ಆ ಗುರುತಿನ ಮೇಲಿಟ್ಟಳು.

ಶಿದ್ರಾಮ ಬಹಳ ಹೊತ್ತು ಅದನ್ನು ಹಾಗೇ ಒತ್ತಿ ಹಿಡಿದಿದ್ದ. ಆಮೇಲೆ ಬಾಕಿನ ಮೇಲಿದ್ದವರಿಗೂ ಕೇಳುವ ಹಾಗೆ ಹೇಳಿದ: "ತಪ್ಪು ನಂದು. ಬಿಚ್ಚಿ ಗ್ರೀಸ್ ಹಚ್ಚಿ ಜೋಡಸೂ ಮುಂದ ಗುರುತು ಕೂಡಿಸಿಲ್ಲ, ಅದಕ್ಕ ನಡಗೇತಿ. ಈ ಹೆಣ್ಮಗಳು ಹಿಡದಾಳ."

ಅವನೇ ಅದನ್ನು ಬಿಡಿಸಿ, ಬಾಣಕ್ಕೆ ಬಾಣ ಕೂಡಿಸಿ, ಎರಡು ಸಲ ಮುಟ್ಟಿ ನೋಡಿ, ಮೂರನೇ ಸಲ ಸರಿತಾಳಿಗೆ ತೋರಿಸಿ ಗಾಡಿಗೆ ಏರಿಸಿದ. ಟ್ರ್ಯಾಕ್ಟರಿನವರು ಚಹಾ ಕುಡಿಯಲು ಎದ್ದು ಹೋದಾಗ ಅವಳು ಮೆಲ್ಲಗೆ ಕೇಳಿದಳು, "ಕಣ್ಣಿಗೆ ಪೊರಿ ಬಂದು ಎಷ್ಟ ದಿನಾತ್ರಿ ಕಾಕಾ?"

"ವರ್ಷಾತು. ಕಿವಿ ಗಟ್ಟಿ ಇರೂತನಕ ಕಣ್ಣ ಯಾಕ ಬೇಕು ಅಂತ ತಿಳದಿದ್ದೆ."

"ಕಿವಿಗೆ ಬಾಣ ಕಾಣಂಗಿಲ್ಲಲ್ರಿ. ಸೋಮವಾರ ಪರಪ್ಪಗ ಸಸಿ ಒಯ್ಯಾಕತ್ತೇನಿ. ಹುಕ್ಕೇರ್ಯಾಗ ಕಣ್ಣಿನ ಡಾಕ್ಟರ ಅದಾರ. ಬರ್ರಿ ನನ್ನ ಕೂಡ."

"ಗ್ಯಾರೇಜ್ ಯಾರ ನೋಡ್ತಾರ?"

"ಒಂದಿನ ಬಾಗ್ಲಾ ಹಾಕಿದ್ರ ಗೋಕಾಕ ಏನ್ ನಿಂದರೂದಿಲ್ಲ. ಎಂಟಕ್ಕ ಬರ್ತೇನಿ, ತಯಾರಿರ್ರಿ."

ಸೋಮವಾರ ಎಂಟಕ್ಕೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಸ್ತೆಗೇ ಬಂದು ನಿಂತಿದ್ದ. ಹುಕ್ಕೇರಿ ಮುಟ್ಟುವತನಕ ಸರಿತಾ ಬೇಕೆಂದೇ ಐವತ್ತೈದರಲ್ಲೇ ಓಡಿಸಿದಳು. ಪರಪ್ಪ ತನ್ನ ಹೊಲದಲ್ಲಿ ಒಂದು ಚೀಲ ಕೊಯ್ದು ನೋಡಿದ. ಮಣ್ಣು ಬೇರು ಬಿಡದೆ ಇಡಿಯಾಗಿ ಕೈಗೆ ಬಂತು. "ಈಗ ನೋಡಕ್ಕಾ, ಇದು ಸಸಿ," ಎಂದ. ಮಧ್ಯಾಹ್ನ ಡಾಕ್ಟರು ಶಿದ್ರಾಮನ ಎರಡೂ ಕಣ್ಣು ನೋಡಿ ಆಪರೇಶನ್ನಿನ ದಿನ ಬರೆದುಕೊಟ್ಟರು.

ಮೊದಲನೇ ಕಣ್ಣಿನ ಆಪರೇಶನ್ ಆಗಿ ತಿಂಗಳು ಕಳೆದ ಮೇಲೆ ಸರಿತಾಳಿಗೆ ಶಿದ್ರಾಮನ ಫೋನ್ ಬಂತು.

"ಸರಿತವ್ವಾ, ಈ ವರ್ಷ ನಾ ಗೇರ್‌ಬಾಕ್ಸ್ ಇಳಿಸಿದ ಗಾಡಿ ಇನ್ನ ನಾಲ್ಕದಾವ. ಎಲ್ಲಾರಿಗೂ ಹೇಳಿ ಕಳಿಸೇನಿ, ಬರ್ರಿ, ಮತ್ತೊಮ್ಮೆ ನೋಡತೇನಿ ಅಂತ. ಮೂರು ಸರಿ ಅದಾವ. ಮೂಡಲಗ್ಯಾಗಿನ ಒಂದು ಜೀಪನ್ಯಾಂವ ಮಾತ್ರ ಬರವೊಲ್ಲ. ನನ್ನ ಗಾಡಿ ಹಳೇದು, ಅದಕ್ಕ ನಡಗತೈತಿ ಅಂತಾನ."

"ಎಷ್ಟಕ್ಕ ನಡಗತೈತಂತ?"

"ಅದನ್ನ ಕೇಳಿಲ್ಲ ನೋಡು."

"ಅವರ ನಂಬರ್ ಕೊಡ್ರಿ ಕಾಕಾ," ಎಂದಳು ಸರಿತಾ, ಕೈಯಲ್ಲಿದ್ದ ಕಸಿ ಚಾಕು ಕೆಳಗಿಡುತ್ತಾ. "ನಾ ಮಾತಾಡ್ತೇನಿ."