ಏಳನೇ ನಂಬರಿಗೆ ನೀರು

ಟಕ್ ಟಕ್, ಸೋಫಾದ ಹಿಂದೆ ಆಟದ ರೈಲು ಹಳಿಯ ಗಂಟು ದಾಟಿತು, ಅಂದರೆ ಏಳನೇ ನಂಬರ್ ಇಂಜಿನ್ ಇನ್ನೂ ಸೇತುವೆಯ ಈಚೆಗೇ ಇದೆ, ಇರುವೆ ಇದಕ್ಕಿಂತ ಬೇಗ ಹೋದೀತು, ಬಾಣಲೆಯಲ್ಲಿ ಸಾಸಿವೆ ಸಿಡಿದು ಕಪ್ಪಾಗಿದೆ, ಇರಲಿ, ಗಂಡನೂ ಅವನ ಗೆಳೆಯನೂ ಕಪ್ಪು ಒಗ್ಗರಣೆಯನ್ನೇ ತಿನ್ನಲಿ — ಮೊಬೈಲ್ ಮತ್ತೆ ನೋಡಿದೆ, ಇಲ್ಲಿ ಎರಡು ಗಂಟೆ, ಮೈಸೂರಿನಲ್ಲಿ ನಾಲ್ಕೂವರೆ, ಐದಕ್ಕೆ ವಿಜಯಮ್ಮ ಮೇಡಂ ಆಸ್ಪತ್ರೆಯಿಂದ ಹೊರಟುಬಿಡುತ್ತಾರೆ, ಹೊರಡೋದ್ರೊಳಗೆ ಹೇಳಮ್ಮ, ಹೂಂ ಅಂತಲೋ ಊಹೂಂ ಅಂತಲೋ, ನಿನ್ನ ಹಳೇ ಕೆಲಸದ ಜಾಗ ಹಿಡ್ಕೊಂಡು ಕೂತಿದ್ದೀನಿ ಅಂದಿದ್ದಾರೆ. ಕಿವಿ ಪರೀಕ್ಷೆಯ ವಿಭಾಗ, ಮದುವೆಗೆ ಮುಂಚೆ ನಾನು ಕೂರುತ್ತಿದ್ದ ಅದೇ ಪುಟ್ಟ ಕೋಣೆ, ಗೋಡೆಗೆಲ್ಲ ಸದ್ದು ಹೀರುವ ಸ್ಪಂಜು, ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ಕೂತ ಯಾವುದೋ ಊರಿನ ಅಜ್ಜ, ಬೀಪ್ ಕೇಳಿಸಿದ ಕೂಡಲೇ ಕೈ ಎತ್ತಬೇಕು ತಾತ, ಎಷ್ಟು ಸಣ್ಣಗೆ ಕೇಳಿಸಿದ್ರೂ ಎತ್ತಬೇಕು — ಎತ್ತುತ್ತಿದ್ದರು ಪಾಪ, ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು ಎತ್ತುತ್ತಿದ್ದರು. ಈ ಅರಬರ ನಾಡಿಗೆ ಬಂದ ಮೇಲೆ ನನ್ನ ಕೆಲಸದ ಲೈಸೆನ್ಸಿನ ಕತೆ ಬುಕ್ರಾ, ಬುಕ್ರಾ, ನಾಳೆ ಬನ್ನಿ, ನಾಳೆ ಬನ್ನಿ, ಕೊನೆಗೆ ನಾನೇ ಖಲಾಸ್ ಅಂದುಕೊಂಡು ಅಲ್ ವುಕೈರಿನ ಈ ಮೂರನೇ ಮಹಡಿಯಲ್ಲಿ ಸಾಸಿವೆ ಸುಡುತ್ತ ನಿಂತೆ. ಭಾನುವಾರ ಮೇಡಂ ಫೋನು ಬಂದ ಸಂಜೆಯೇ ಯತಿಗೆ ಹೇಳಿದೆ, ಶುಕ್ರವಾರ ನಿಧಾನವಾಗಿ ಕೂತು ಮಾತಾಡೋಣ ಅಂದ, ಸೋಮವಾರ ಕೇಳಿದರೂ ಶುಕ್ರವಾರ, ಬುಧವಾರ ಕೇಳಿದರೂ ಶುಕ್ರವಾರ, ಇವತ್ತು ಶುಕ್ರವಾರ, ಬೆಳಗ್ಗೆ ಕೇಳಿದೆ, ಏಳನೇ ನಂಬರ್ ಜಂಕ್ಷನ್ ಮುಟ್ಲಿ, ಮುಟ್ಟಿದ ತಕ್ಷಣ ಕೂರೋಣ ಕಣೆ ಅಂದ.

ಜಂಕ್ಷನ್ ಅಂದರೆ ಟಿವಿ ಸ್ಟ್ಯಾಂಡಿನ ಪಕ್ಕ. ಹೊರಡುವುದು ಚಪ್ಪಲಿ ಗೂಡಿನ ಮೇಲಿರುವ ಮರದ ಮಿಲ್ಲಿನಿಂದ, ನಡುವೆ ಥರ್ಮೋಕೋಲಿನ ಗುಡ್ಡ, ಸೋಫಾದ ಹಿಂದೆ ಸೇತುವೆ, ಕಿಟಕಿಯ ಕೆಳಗೆ ನೀರಿನ ಟ್ಯಾಂಕು. ಅಮೆರಿಕದ ಯಾವುದೋ ಬೆಟ್ಟದ ಸೀಮೆಯ ಪುಟಾಣಿ ರೈಲ್ವೆಯ ಮಾದರಿಯಂತೆ ಇದು, ಅಲ್ಲಿ ಹತ್ತು ಹನ್ನೆರಡು ಮೈಲಿ ಹಳಿ, ಎರಡೇ ಉಗಿ ಇಂಜಿನ್, ಎರಡೂ ದೊಡ್ಡ ರೈಲ್ವೆಯವರು ಓಡಿಸಿ ಸಾಕಾಗಿ ಮಾರಿದ್ದು, ಒಂದು ಓಡಿದರೆ ಇನ್ನೊಂದು ಶೆಡ್ಡಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿತ್ತಂತೆ, ತಿರುಗಿಸಲು ಜಾಗವಿಲ್ಲದೆ ಬರುವಾಗ ಹಿಮ್ಮುಖವಾಗಿಯೇ ಬರುತ್ತಿತ್ತಂತೆ, ಈ ಅಂತೆಗಳೆಲ್ಲ ನನಗೆ ಬಾಯಿಪಾಠ, ಅಮೆರಿಕಕ್ಕೆ ಇವನೂ ಹೋಗಿಲ್ಲ, ಇವನಪ್ಪನೂ ಹೋಗಿಲ್ಲ. ವಾರವೆಲ್ಲ ಮೆಟ್ರೋ ಆಫೀಸಿನಲ್ಲಿ ಡ್ರೈವರೇ ಇಲ್ಲದ ರೈಲುಗಳ ವೇಳಾಪಟ್ಟಿ ನೋಡುವವನು, ಸ್ವಲ್ಪ ತಡವಾದರೂ ಮೇಲಿನಿಂದ ಮೇಲ್, ಕೆಳಗಿನಿಂದ ಮೇಲ್, ಆ ರೈಲು ಯಾರಿಗೂ ಕಾಯಲ್ಲ ಪ್ರಾರ್ಥನಾ, ಇದು ಕಾಯುತ್ತೆ, ಹಾಲಿನ ಕ್ಯಾನ್ ಇಟ್ಕೊಂಡು ಯಾರಾದ್ರೂ ಹಳಿ ಪಕ್ಕ ನಿಂತ್ರೆ ನಿಲ್ಲಿಸ್ತಿದ್ರಂತೆ — ಹಾಗೆ ಹೇಳಿದ ದಿನ ಇವನ ಮೇಲೆ ಎಷ್ಟು ಪ್ರೀತಿ ಉಕ್ಕಿತ್ತು, ಅದು ಮರೆತುಹೋಗಿದ್ದರೆ ಈಗ ಬಯ್ಯುವುದು ಎಷ್ಟು ಸಲೀಸಾಗುತ್ತಿತ್ತು. ಶುಕ್ರವಾರ ಅದು ಆಟವಲ್ಲ, ಡ್ಯೂಟಿ. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡು ಕ್ಲಿಫರ್ಡ್ ನೇರ ಇಲ್ಲಿಗೇ ಬರುತ್ತಾನೆ, ಅಲ್ ಹಿಲಾಲ್ ಬಡಾವಣೆಯಲ್ಲಿ ಒಬ್ಬನೇ ಇರುವ ಮಂಗಳೂರಿನವನು, ಊಟದ ಮೇಜಿನ ಮುಂದೆ ಹಳಿಗೆ ಬೆನ್ನು ಹಾಕಿ ಕೂರುತ್ತಾನೆ, ರೈಲಿಗೆ ಅಪ್ಪಣೆ ಕೊಡುವವನು ರೈಲನ್ನು ನೋಡಬಾರದಂತೆ, ಫೋನಿನಲ್ಲೇ ಕೇಳಬೇಕಂತೆ, ಅದೇ ಮನೆಯೊಳಗಿನ ಗೆಳೆಯನಿಗೆ ಫೋನು, ಎಂತ ಯತಿರಾಜ್, ಏಳನೇ ನಂಬರ್ ಎಲ್ಲಿಗೆ ಮುಟ್ಟಿತು ಮಾರ್ರೆ, ಸೇತುವೆ ದಾಟ್ತಿದೆ ಕ್ಲಿಫಿ, ಟ್ಯಾಂಕ್ ಹತ್ರ ನಿಲ್ಲಿಸ್ತೀನಿ. ರೈಲು ಹಳಿಯ ಮೇಲಿರುವಷ್ಟು ಹೊತ್ತು ಬೇರೆ ಮಾತಿಲ್ಲ, ಹೆಂಡತಿ ಏನಾದರೂ ಕೇಳಿದರೆ ಯತಿ ತಿರುಗದೆಯೇ ಕೈ ಎತ್ತುತ್ತಾನೆ. ಗಾಜಿನಾಚೆಯ ನನ್ನ ಅಜ್ಜಂದಿರು ಕೇಳಿಸಿತು ಅಂತ ಎತ್ತುತ್ತಿದ್ದರು, ಇವನು ಎತ್ತುವುದು ಸುಮ್ಮನಿರು ಅಂತ.

ಟ್ಯಾಂಕ್ ಹತ್ರ ನಿಲ್ಲಿಸ್ತಾನಂತೆ. ಅಯ್ಯೋ, ಆ ಟ್ಯಾಂಕ್ ಮಾಡಿದವಳು ನಾನೇ, ಮಾಡಿದ್ದುಣ್ಣೋ ಮಹಾರಾಯ. ಖಾಲಿಯಾದ ಇಂಗಿನ ಡಬ್ಬಿಗೆ ಐಸ್‌ಕ್ರೀಮ್ ಕಡ್ಡಿ ಸೀಳಿ ಅಂಟಿಸಿ, ಕೆಳಗೆ ನಾಲ್ಕು ಕಾಲು ಕೊಟ್ಟು, ಜ್ಯೂಸಿನ ಸ್ಟ್ರಾಗೆ ಕಪ್ಪು ಬಣ್ಣ ಬಳಿದು ಸೊಂಡಿಲು ಮಾಡಿ, ದಾರ ಎಳೆದರೆ ಮೇಲೇಳಬೇಕು, ಬಿಟ್ಟರೆ ಇಂಜಿನ್ನಿನ ಹಿಂದಿನ ನೀರಿನ ಬಂಡಿಯೊಳಗೆ ಇಳಿಯಬೇಕು, ಎರಡು ದಿನ ಬೆರಳಿಗೆಲ್ಲ ಅಂಟು, ಯತಿ ಅದನ್ನು ಅಂಗೈ ಮೇಲಿಟ್ಟುಕೊಂಡು ಎಷ್ಟು ಹೊತ್ತು ನೋಡಿದ್ದ, ಇನ್ನೂ ಇಂಗು ಘಂ ಅಂತಿದೆ ಕಣೆ ಅಂದಿದ್ದ. ಮೊದಲ ದಿನ ಇಂಜಿನ್ ಅದರ ಪಕ್ಕ ಹಾದು ಸೀದಾ ಹೋಗಿಬಿಟ್ಟಾಗ ನಾನೇ ತಮಾಷೆಗೆ, ದಣಿದು ಬಂದೋರಿಗೆ ಒಂದು ಲೋಟ ನೀರು ಕೊಡದೆ ಕಳಿಸೋ ಮನೆಯಾ ನಮ್ದು ಅಂದೆ, ಇಬ್ಬರೂ ನಕ್ಕೆವು, ನಾನು ಅಲ್ಲಿಗೇ ಬಿಟ್ಟೆ, ಇವನು ಬಿಡಲಿಲ್ಲ. ನಿಜವಾದ ಇಂಜಿನ್ನಿಗೆ ನೀರು ತುಂಬಲು ಎಷ್ಟು ಹೊತ್ತು ಬೇಕೆಂದು ಎಲ್ಲೆಲ್ಲೋ ಓದಿಕೊಂಡು ಬಂದ, ಅವತ್ತಿನಿಂದ ಅದು ನಿಯಮ, ಇಂಜಿನ್ ನಿಲ್ಲುತ್ತದೆ, ಇವನು ಮೊಣಕಾಲೂರಿ ದಾರ ಸಡಿಲಿಸುತ್ತಾನೆ, ಸೊಂಡಿಲು ಇಳಿಯುತ್ತದೆ, ಗಡಿಯಾರ ನೋಡುತ್ತ ಕೂರುತ್ತಾನೆ. ಡಬ್ಬಿಯಲ್ಲಿ ನೀರಿಲ್ಲ, ಬಂಡಿಯಲ್ಲಿ ನೀರಿಗೆ ಜಾಗವೇ ಇಲ್ಲ, ಬರೀ ವೈರು, ಮೋಟಾರು, ಆದರೂ ಒಂದು ಕ್ಷಣ ಮುಂಚೆ ಏಳುವುದಿಲ್ಲ ಮಹಾನುಭಾವ. ಇಲ್ಲದ ನೀರು ತುಂಬುವ ತನಕ ಕಾಯುವಷ್ಟು ತಾಳ್ಮೆ, ಇರುವ ಹೆಂಡತಿಯ ಒಂದು ಮಾತಿಗೆ ಇಲ್ಲ. ನನಗೇನು ಪುರಾಣ ಬೇಕಿರಲಿಲ್ಲ, ಹೋಗಬೇಡ ಅಂದಿದ್ದರೆ ಜಗಳವಾಡುತ್ತಿದ್ದೆ, ಹೋಗು ಅಂದಿದ್ದರೆ ಅತ್ತುಕೊಂಡಾದರೂ ಹೋಗುತ್ತಿದ್ದೆ, ಎರಡರಲ್ಲಿ ಒಂದು ಅನ್ನಲಿ, ಕೋಣನ ಮುಂದೆ ಎಷ್ಟು ದಿನ ಕಿನ್ನರಿ ಬಾರಿಸಲಿ.

ಮೊಬೈಲ್ ನಡುಗಿತು, ಮೇಡಂ ಮೆಸೇಜು, ಬ್ಯಾಗು ಹೆಗಲಿಗೆ ಹಾಕ್ಕೊಂಡೆ ಕಣಮ್ಮಾ, ಏನು ಹೇಳ್ಲಿ ಆಸ್ಪತ್ರೆಯವರಿಗೆ. ಸ್ಟೌ ಆರಿಸಿದೆ, ಕೈ ಒರೆಸಿಕೊಂಡೆನೋ ಇಲ್ಲವೋ, ಅಡುಗೆಮನೆಯಿಂದ ಹೊರಗೆ ಬಂದೆ, ಎಸಿ ಗುಂಯ್ ಅನ್ನುತ್ತಿದೆ, ಕಿಟಕಿಯಾಚೆ ಬಿಸಿಲಿಗೆ ಬಿಳಿಚಿದ ಬಯಲು, ಕಿಟಕಿಯ ಕೆಳಗೆ ಏಳನೇ ನಂಬರ್ ನಿಂತಿದೆ, ನಿಂತೇ ಇದೆ, ಸೊಂಡಿಲು ಇಳಿದಿದೆ, ಮೊಣಕಾಲೂರಿದ ಇವನ ಬೆನ್ನು, ಶರ್ಟಿನ ಮೇಲೆ ಥರ್ಮೋಕೋಲಿನ ಚೂರು, ಅದನ್ನು ತೆಗೆಯಲು ಕೈ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಹಾಲಿನ ಕ್ಯಾನ್ ಒಂದಿಲ್ಲ ಅಷ್ಟೇ, ಹಳಿ ಪಕ್ಕದಲ್ಲೇ ನಿಂತಿದ್ದೇನೆ ನಾನೂ. ಯತಿ, ಮೇಡಂ ಕೇಳ್ತಿದಾರೆ, ಏನು ಹೇಳ್ಲಿ. ಕೈ ಎದ್ದಿತು. ಒಂದೇ ನಿಮಿಷ ಕಣೆ, ನೀರು ತುಂಬ್ತಾ ಇದೆ. ಕ್ಲಿಫರ್ಡ್ ತನ್ನ ನಿಯಮ ಮುರಿದು ತಿರುಗಿ ನನ್ನ ಮುಖ ನೋಡಿದ, ಮತ್ತೆ ಗೋಡೆಯ ಕಡೆ ತಿರುಗಿಕೊಂಡ. ಬರ್ತೀನಿ ಮೇಡಂ, ಎಂದು ಒತ್ತಿದೆ, ಎಣ್ಣೆಯ ಬೆರಳಿನ ಗುರುತು ಪರದೆಯ ಮೇಲೆ ಉಳಿಯಿತು, ಅಷ್ಟೇ, ಇಷ್ಟು ದಿನ ಕಾದದ್ದು ಇಷ್ಟಕ್ಕೆ. ಒಪ್ಕೊಂಡೆ ಯತಿ, ಮೈಸೂರಿಗೆ ಹೋಗ್ತೀನಿ, ಅಂದೆ, ಕೂಗಲಿಲ್ಲ, ಪರೀಕ್ಷೆಯ ಕೊನೆಯ ಬೀಪಿನಷ್ಟು ಸಣ್ಣಗೆ ಬಂತು ಸ್ವರ. ಎತ್ತಿದ ಕೈ ಮೆಲ್ಲಗೆ ಇಳಿಯಿತು, ದಾರದ ಪಕ್ಕ ಕೂತಿತು, ದಾರ ಹಿಡಿಯಲಿಲ್ಲ. ಗಡಿಯಾರ ನೋಡುತ್ತಿಲ್ಲ ಇವನು, ನೀರು ತುಂಬುವ ಹೊತ್ತು ಮುಗಿದು ಆಗಲೇ ಎಷ್ಟಾಯಿತು, ಈಗ ಅನ್ನಬಹುದು, ಬೇಡ ಅನ್ನಬಹುದು, ಹೋಗು ಅನ್ನಬಹುದು, ಯತಿರಾಜ್, ಏಳನೇ ನಂಬರ್ ಹೊರಟಿತಾ, ಕ್ಲಿಫರ್ಡ್ ಗೋಡೆಗೇ ಕೇಳುತ್ತಿದ್ದಾನೆ, ಬೆನ್ನು ಅಲುಗಲಿಲ್ಲ, ದಾರ ಅಲುಗಲಿಲ್ಲ, ಇಂಗಿನ ಡಬ್ಬಿ, ಕಪ್ಪು ಸ್ಟ್ರಾ, ಒಂದು ಹನಿ ಇಲ್ಲ, ಸೊಂಡಿಲು ಇಳಿದೇ ಇದೆ, ಇಳಿದೇ ಇದೆ