ಪಕ್ಕದ ಕುರ್ಚಿಯ ಇಮ್‌ಹೋಫ್

ನಮ್ಮ ಕ್ಯಾಂಟನ್ನಿನ, ಅಂದರೆ ಬೆಟ್ಟಗಳ ನಡುವಿನ ನಮ್ಮ ಪುಟ್ಟ ರಾಜ್ಯದ, ಸರ್ಕಾರಿ ಬ್ಯಾಂಕು ಪ್ರತಿ ವಸಂತದಲ್ಲೂ ಷೇರುದಾರರ ಸಭೆ ಕರೆದು ಊಟ ಹಾಕುತ್ತಿತ್ತು. ಅಧ್ಯಕ್ಷರ ಭಾಷಣ ಯಾರಿಗೆ ಬೇಕಿತ್ತು? ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲ ಮೇಲೆ. ನಾನು ಮಾತ್ರ ಇಮ್‌ಹೋಫ್ ಅವರಿಗಾಗಿ ಹೋಗುತ್ತಿದ್ದೆ.

ಒಂದೇ ಷೇರಿದ್ದರೂ ಕುರ್ಚಿ ಸಿಗುತ್ತಿತ್ತು, ಅದೂ ಮನೆತನದ ಹೆಸರಿನ ಅಕ್ಷರದ ಸಾಲಿನಲ್ಲಿ: ಎಚ್ ಆದ ಮೇಲೆ ಐ. ಹೆರ್ಗರ್‌ಗಳು ಮುಗಿದ ಕೂಡಲೇ ಇಮ್‌ಹೋಫ್‌ಗಳು. ಹೆರ್ಗರ್ ಎಂಬುದು ತೀರಿಹೋದ ನನ್ನ ಗಂಡನ ಹೆಸರು. ಬದುಕಿದ್ದಾಗ ಒಂದು ಕುಣಿತಕ್ಕೂ ಕರೆದೊಯ್ಯದ ಪುಣ್ಯಾತ್ಮ, ಸತ್ತ ಮೇಲೆ ನನ್ನನ್ನು ಒಳ್ಳೆಯ ಜಾಗ ನೋಡಿ ಕೂರಿಸಿದ್ದ.

ಇಮ್‌ಹೋಫ್ ಆಚೆ ಕಣಿವೆಯಲ್ಲಿ ಚೀಸ್ ಮಾಡುವವರು. ಹೆಂಡತಿ ಇಲ್ಲ, ಮಾತು ಕಡಿಮೆ. ಊಟದ ಕೊನೆಗೆ ಮರಸೇಬಿನ ಸಿಹಿ ಬ್ರೆಡ್ಡು ಬಂದಾಗ ತಮ್ಮ ಪಾಲನ್ನು ನನ್ನ ತಟ್ಟೆಗೆ ಸರಿಸಿ, "ನನ್ನ ಹಲ್ಲಿಗೆ ಅಂಟುತ್ತೆ, ನೀವು ತಿನ್ನಿ" ಅನ್ನುತ್ತಿದ್ದರು. ಅಂಟುತ್ತಿತ್ತೋ ಇಲ್ಲವೋ, ಆ ಮಾತಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ. ಅವರ ಮೊದಲ ಹೆಸರನ್ನಾಗಲೀ ಫೋನ್ ನಂಬರನ್ನಾಗಲೀ ಕೇಳಲಿಲ್ಲ. ಮುಂದಿನ ವರ್ಷ ಹೇಗೂ ಸಿಗುತ್ತಾರಲ್ಲ ಎಂಬ ಧೈರ್ಯ.

ಈ ವರ್ಷ ಬ್ಯಾಂಕು ಊಟ ನಿಲ್ಲಿಸಿತು. ಮತ ಅಂಚೆಯಲ್ಲಿ ಕಳಿಸಿ, ಶುಕ್ರವಾರ ನಿಮ್ಮೂರ ಶಾಖೆಯಿಂದ ಉಡುಗೊರೆ ಪೆಟ್ಟಿಗೆ ಒಯ್ಯಿರಿ ಎಂದಿತು. ಆ ಕಾಗದ ಬಂದ ದಿನವೇ ನಾನು ನೇರ ನಮ್ಮೂರ ಶಾಖೆಗೆ ಹೋದೆ. ಕೌಂಟರಿನಲ್ಲಿ ರಾಮೋನಾ ಇದ್ದಳು, ತೊಟ್ಟಿಲಿನಿಂದ ನಾನು ಬಲ್ಲ ಹುಡುಗಿ.

"ಆಚೆ ಕಣಿವೆ ಇಮ್‌ಹೋಫ್ ಅವರ ನಂಬರ್ ಕೊಡು."

"ಹೆರ್ಗರಮ್ಮಾ, ಅದು ಬ್ಯಾಂಕಿನ ಗುಟ್ಟು. ಅವರು ನಮ್ಮ ಗಿರಾಕಿ ಹೌದೋ ಅಲ್ವೋ ಅಂತಾನೂ ನಾನು ಹೇಳೋ ಹಾಗಿಲ್ಲ."

"ಪಕ್ಕದಲ್ಲೇ ಕೂತು ಉಂಡಿದೀನಿ ಕಣೇ. ಇದು ಜನರ ಬ್ಯಾಂಕು ಅಂತ ಗೋಡೆ ಮೇಲೆ ಬರ್ಕೊಂಡಿದೀರಿ. ನಾನೇನು ಜನ ಅಲ್ವಾ?"

"ಫೋನ್ ಪುಸ್ತಕದಲ್ಲಿ ನೋಡಬಾರದಾ?"

ನೋಡಿದ್ದೆ. ಆ ಕಣಿವೆಯಲ್ಲಿ ಕಲ್ಲೆಸೆದರೆ ಒಬ್ಬ ಇಮ್‌ಹೋಫ್‌ಗೆ ತಾಗುತ್ತದೆ.

ಶುಕ್ರವಾರ ಬಸ್ಸು ಹಿಡಿದು ಆ ಕಣಿವೆಗೆ ಹೋದೆ. ಅಲ್ಲಿರುವುದು ಒಂದೇ ಶಾಖೆ. ಅದರ ಬೆಂಚಿನ ಮೇಲೆ ಬಾಗಿಲು ಹಾಕುವವರೆಗೂ ಕೂತೆ. ಗಿಡ್ಡ ಇಮ್‌ಹೋಫ್ ಬಂದ, ಬೋಳುತಲೆಯ ಇಮ್‌ಹೋಫ್ ಬಂದ, ನಾಯಿ ಹಿಡಿದುಕೊಂಡ ಇಮ್‌ಹೋಫ್ ಬಂದ. ನನ್ನ ಇಮ್‌ಹೋಫ್ ಬರಲಿಲ್ಲ. ಕಾಯಿಲೆಯೋ ಏನೋ, ಬದುಕಿದ್ದಾರೋ ಇಲ್ಲವೋ ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಮರಳುವಾಗ ಕಿರಿದಾದ ತಿರುವಿನಲ್ಲಿ ನಮ್ಮ ಬಸ್ಸು ನಿಂತು ಎದುರಿನ ಬಸ್ಸಿಗೆ ದಾರಿ ಬಿಟ್ಟಿತು. ಅಳು ಬರಬಾರದೆಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ.

ನಮ್ಮೂರ ಶಾಖೆಯಲ್ಲಿ ಇನ್ನೂ ದೀಪವಿತ್ತು. ರಾಮೋನಾ ನನಗಾಗಿ ಬಾಗಿಲು ತೆರೆದಿಟ್ಟಿದ್ದಳು. ಕೊಟ್ಟ ಪೆಟ್ಟಿಗೆ ಬಿಚ್ಚಿ ನೋಡಿದೆ. ಒಂದು ಸಾಸೇಜು, ಒಂದು ತುಂಡು ಚೀಸ್, ಎರಡು ಮರಸೇಬಿನ ಬ್ರೆಡ್ಡು.

"ಎಲ್ಲರಿಗೂ ಎರಡಾ?"

"ಒಂದೇ."

"ಮತ್ತೆ ಇದು ಯಾರು ಇಟ್ಟದ್ದು?"

ರಾಮೋನಾ ಕಿಟಕಿಯ ಆಚೆ ನೋಡಿದಳು. "ನಾನು ಹೇಳೋ ಹಾಗಿಲ್ಲ. ಬೆಳಗಿನಿಂದ ನಮ್ಮ ಬಾಗಿಲ ಮುಂದಿನ ಬೆಂಚಿನ ಮೇಲೆ ಯಾರು ಕೂತಿದ್ರು ಅಂತಾನೂ ಹೇಳೋ ಹಾಗಿಲ್ಲ. ಅವರ ಹತ್ರಾನೂ ನಿಮ್ಮ ವಿಷಯ ಬಾಯಿ ಬಿಟ್ಟಿಲ್ಲ. ಆಚೆ ಕಣಿವೆಯ ಕೊನೇ ಬಸ್ಸಿಗೆ ಅವರು ಹೋಗಬೇಕಾಗಿತ್ತು."

ಆ ತಿರುವಿನಲ್ಲಿ, ಎದುರಿನ ಬಸ್ಸಿನಲ್ಲಿ, ನನ್ನ ಮುಚ್ಚಿದ ಕಣ್ಣಿನ ಎದುರೇ ಹಾದುಹೋಗಿದ್ದರು. ಸಿಟ್ಟು ಬಂತು, ಸಿಟ್ಟಿನಿಂದಲೇ ಬುದ್ಧಿಯೂ ಬಂತು.

"ರಾಮೋನಾ, ನನ್ನ ಗುಟ್ಟು ಯಾರದು? ಬ್ಯಾಂಕಿಂದಾ, ನಂದಾ?"

"ನಿಮ್ಮದೇ. ನಾವು ಬರೀ ಕಾಯೋರು."

"ಹಾಗಾದ್ರೆ ಸಾಕು ಕಾದಿದ್ದು. ಆ ಬ್ರೆಡ್ಡು ತಂದವರಿಗೆ ನನ್ನ ನಂಬರ್ ಕೊಡು, ಊರು ಕೊಡು, ಹೆಸರು ಒಟ್ಟೀಲಿಯಾ ಅಂತ ಹೇಳು."

ಅವಳು ಒಂದು ಹಾಳೆ ಮುಂದಿಟ್ಟಳು. ಹೆರ್ಗರ್ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಆದರೂ ಬರೆದೆ. ಇಷ್ಟು ದೂರ ತಂದು ಬಿಟ್ಟ ಗಂಡ ಕೋಪಿಸಿಕೊಳ್ಳಲಾರ.

"ಅವರಿಗೆ ತಿಳಿಸ್ತೀಯಾ?"

"ಅದನ್ನೂ ಹೇಳೋ ಹಾಗಿಲ್ಲ," ಎಂದಳು ರಾಮೋನಾ. ಅವಳ ಕೈ ಆಗಲೇ ಫೋನಿನ ಮೇಲಿತ್ತು.

ಒಂದು ಬ್ರೆಡ್ಡು ತಿಂದೆ. ಇನ್ನೊಂದನ್ನು ಕತ್ತರಿಸಿಲ್ಲ. ಈಗ ಕೋಳಿಗಳಿಗೆ ಕಾಳು ಹಾಕಲು ಹೋದಾಗಲೂ ಅಡುಗೆಮನೆಯ ಕಿಟಕಿ ತೆರೆದೇ ಇಡುತ್ತೇನೆ, ಫೋನ್ ಸದ್ದು ಹಿತ್ತಲಿಗೂ ಕೇಳಲಿ ಎಂದು.